ಹುಣ್ಣಿಮೆಗೆ ಹೊಲಿದ ಕಿಸೆ

ಹುಣ್ಣಿಮೆಯ ದಿನ ಮರೆಪ್ಪ ಮಾಸ್ತರರ ಬಿಳಿ ಅಂಗಿಯ ಕಿಸೆಗೆ ಕಪ್ಪು ದಾರದ ಹೊಲಿಗೆ ಬಿದ್ದಿರುತ್ತಿತ್ತು. ಉಳಿದ ದಿನ ಅಲ್ಲಿ ತಂಬಾಕಿನ ಚಂಚಿ. ಪಾಠ ಮಾಡುತ್ತಲೇ ಕೈ ಕಿಸೆಗೆ ಹೋಗಿ ಬರುವುದು ಅವರಿಗೇ ತಿಳಿಯುತ್ತಿರಲಿಲ್ಲ. ಹುಣ್ಣಿಮೆಗೆ ಮಾತ್ರ ಅವರದು ಬುದ್ಧವಿಹಾರದ ಉಪೋಸಥ ವ್ರತ. ಮಧ್ಯಾಹ್ನ ದಾಟಿದರೆ ಮರುದಿನ ಬೆಳಗಿನವರೆಗೆ ಬರೀ ನೀರು.

"ಹಸಿವಿ ಹೊಟ್ಟ್ಯಾಗ ಇರ್ತದ ತಮ್ಮಾ, ಚಟ ಕೈಯಾಗ ಇರ್ತದ. ಹೊಟ್ಟಿಗಿ ಹೇಳಿದ್ರ ಕೇಳ್ತದ. ಕೈಗಿ ಸೂಜಿ-ದಾರನೇ ಬೇಕು," ಎನ್ನುತ್ತಿದ್ದರು.

ನಾನಾಗ ದೋರನಹಳ್ಳಿಯ ಶಾಲೆಗೆ ಹೊಸದಾಗಿ ಬಂದ ಮಾಸ್ತರ. ಕಾಲುವೆಯ ನೀರು ಬಂದು ಊರಿಗೆ ಭತ್ತ ಬಂದಿತ್ತು, ಭತ್ತದ ಹಿಂದೆ ಚಹಾದಂಗಡಿ, ಗುಟ್ಕಾ. ನನಗೆ ಅಂಥ ಚಟವೇನೂ ಇರಲಿಲ್ಲ, ಚಿಂತೆಯೊಂದೇ. ಕಾಲುವೆ ಒಡೆದರೆ ಶಾಲೆ ಮುಳುಗೀತೇ ಎಂದು ಬೇಸಿಗೆಯಲ್ಲಿ, ಒಣಗಿದ ಕಾಲುವೆ ನೋಡಿಯೂ ಹೆದರಿದವನು. "ಈ ಹುಣ್ಣಿವಿಗಿ ನೀನೂ ಬಾ, ಚಿಂತಿ ಬಿಡು," ಎಂದು ಮಾಸ್ತರರು ವಿಹಾರಕ್ಕೆ ಎಳೆದೊಯ್ದರು. ಕಣ್ಣು ಮುಚ್ಚಿ ಕೂತೆ.

"ಏನಾತು?"

"ಸರಿಯಾಗಿ ಬಿಟ್ಟೇನಿ ಇಲ್ಲೋ ಅಂತ ಚಿಂತಿ ಹತ್ಯದ್ರಿ."

ಮಾಸ್ತರರು ಬಾಯಿ ತೆರೆದು ನಕ್ಕರು. ಕೆನ್ನೆಯ ಒಳಗಿನ ಬಿಳಿ ಮಚ್ಚೆ ಕಂಡದ್ದು ಆಗಲೇ.

ಒಮ್ಮೆಯಾದರೂ ನನ್ನ ಚಿಂತೆಗೆ ಕಾರಣ ಸಿಕ್ಕಿತ್ತು. ಕಾಡಿ ಬೇಡಿ ಶಹಾಪುರಕ್ಕೆ ಕರೆದೊಯ್ದೆ. "ತಂಬಾಕು ಬಿಡ್ರಿ, ಇಲ್ಲಾಂದ್ರ ಬಾಯಿ ಉಳಿಯಂಗಿಲ್ಲ," ಎಂದರು ಡಾಕ್ಟರು.

ಆ ಸಲ ಮಳೆಗಾಲದ ವರ್ಷಾವಾಸದ ಮೂರು ತಿಂಗಳೂ ಮಾಸ್ತರರು ದಿನಾ ವ್ರತ ಹಿಡಿದರು. ಮುಗಿದ ದಿನ ಅವರ ಹೆಂಡತಿ ನಿಂಗಮ್ಮ ಹುಗ್ಗಿ ಮಾಡಿದ್ದರು. ಉಂಡೆದ್ದ ಗೆಳೆಯರೊಬ್ಬರು ಪ್ರೀತಿಯಿಂದಲೇ ಎಲೆ ಮಡಿಸಿ, ತಂಬಾಕಿಟ್ಟು ಚಾಚಿದರು: "ವ್ರತ ಮುಗೀತಲ್ರಿ ಮಾಸ್ತರ್ರ, ಹಾಕ್ಕೋರಿ."

ನಮ್ಮ ಕಡೆ ವ್ರತವೆಂದರೆ ಹೀಗೆ. ಮುಕ್ತಾಯ ಚೊಕ್ಕವಾಗಿ ಆಗಬೇಕು. ಮಾಸ್ತರರ ಕೈ ಅರ್ಧ ದಾರಿ ಹೋಗಿ ನಿಂತಿತು.

"ನಂದಿನ್ನೂ ಮುಗಿದಿಲ್ಲೋ."

ಅಲ್ಲಿಂದ ಮುಗಿಸಲೇ ಇಲ್ಲ. ವರ್ಷಗಟ್ಟಲೆ ತಂಬಾಕೂ ಇಲ್ಲ, ಸಂಜೆಯ ಊಟವೂ ಇಲ್ಲ. ಒಂದು ಬಂದರೆ ಇನ್ನೊಂದೂ ಹಿಂದೆ ಬರುತ್ತದೆಂಬ ಭಯ. ಆದರೆ ಮಚ್ಚೆ ಇವರ ವ್ರತಕ್ಕೆ ಕಾಯದೆ ತನ್ನ ಕೆಲಸ ಮಾಡಿಕೊಂಡಿತ್ತು.

ಕಲಬುರಗಿಯ ಆಸ್ಪತ್ರೆಯಲ್ಲಿ ಕಡೆಯ ಸಲ ಕಂಡಾಗ ಬಿಸಿಲು ಇಳಿಯುತ್ತಿತ್ತು. ಗುಳಿಗೆಗೆ ಮುಂಚೆ ಹೊಟ್ಟೆಗೇನಾದರೂ ಬೀಳಬೇಕೆಂದು ನರ್ಸ್ ಹೇಳಿ ಹೋಗಿದ್ದರು. ನಿಂಗಮ್ಮ ಗಂಜಿ ಹಿಡಿದರೆ ಮಾಸ್ತರರು ಕಿಟಕಿಯತ್ತ ಬೆರಳು ಮಾಡಿ ತಲೆ ಅಲ್ಲಾಡಿಸಿದರು. ಮಧ್ಯಾಹ್ನ ದಾಟಿದೆ.

ಎಂದೂ ದನಿ ಏರಿಸದ ನಿಂಗಮ್ಮ ಬಟ್ಟಲು ಕುಕ್ಕಿದರು. "ಇಷ್ಟ್ ವರ್ಷ ಸಂಜೀಕ ನಾ ಒಬ್ಬಾಕಿನೇ ಕುಂತು ಉಂಡೀನಿ. ನಂದ್ಯಾವ ಚಟ ಇತ್ತ್ರಿ?"

ಮಾಸ್ತರರು ನನ್ನತ್ತ ತಿರುಗಿ, ಒಂದೊಂದೇ ಅಕ್ಷರ ಹೊರಡಿಸುತ್ತ ಅಂದರು: "ಇದೂ ಚಟ ಆಗ್ಯದ ನೋಡು ತಮ್ಮಾ."

ತೆರೆಯುವಷ್ಟು ಬಾಯಿ ತೆರೆದರು. ಎರಡು ಚಮಚ ಕುಡಿದು ಬಟ್ಟಲನ್ನು ಆಕೆಯತ್ತ ಸರಿಸಿದರು. ಆಕೆ ಒಂದು ಚಮಚ ತಾನು ಕುಡಿದು ಮತ್ತೆ ಅವರ ಬಾಯಿಗಿಟ್ಟರು. ಕಿಟಕಿಯ ಬಿಸಿಲು ಅವರ ಕಣ್ಣಿಗೆ ಬೀಳದಂತೆ, ಬಟ್ಟಲು ಖಾಲಿಯಾಗುವವರೆಗೆ ನಾನು ಅಡ್ಡ ನಿಂತಿದ್ದೆ.