ಮಿರ್ಟಲ್ ದೊಡ್ಡಮ್ಮನ ಗುರುವಾರ

ತನಾಮಿ ಮರುಭೂಮಿಯ ಊರುಗಳಲ್ಲಿ ಒಂಟಿಯಾಗಿ ಕ್ಲಿನಿಕ್ಕು ನೋಡಿಕೊಳ್ಳುವ ಮೂಲನಿವಾಸಿ ಆರೋಗ್ಯ ಕಾರ್ಯಕರ್ತರನ್ನು ಗುರುವಾರಕ್ಕೊಮ್ಮೆ ಫೋನಿನಲ್ಲಿ ಒಟ್ಟುಗೂಡಿಸುವ ಮಿರ್ಟಲ್ ದೊಡ್ಡಮ್ಮನಿಗೆ ಕಾಯಿಲೆಯ ಸುದ್ದಿಗಿಂತ ಮೊದಲು ಸಂಬಂಧ ಗೊತ್ತಾಗಬೇಕು. “ಯಾರ ಪೈಕಿಯವಳೇ ನೀನು?” ಎಂದು ಶುರುಮಾಡಿದರೆ ಆ ತುದಿಯಲ್ಲಿ ಬೊಗಳುವ ನಾಯಿಗೂ ಒಂದು ನೆಂಟಸ್ತಿಕೆ ಅಂಟಿಸಿಯೇ ಬಿಡುವಳು, ಆಮೇಲೆ ಸಲಿಗೆಯ ಬೈಗುಳ, “ಊರೋರ ಸಕ್ಕರೆ ಕಾಯಿಲೆ ನೋಡ್ತೀಯ, ನೀನು ಉಂಡ್ಯೇನೇ?” ಹೊಸಬ ಕ್ಲಿಫ್ಟನ್ ಮಾತ್ರ ಕುಲದ ಲೆಕ್ಕದಲ್ಲಿ ಅಳಿಯನಾದ, ಅವರ ಜನರಲ್ಲಿ ಅತ್ತೆ ಅಳಿಯನೊಡನೆ ನೇರ ಮಾತಾಡುವಂತಿಲ್ಲ, ಏನಿದ್ದರೂ ಮೂರನೆಯವರಿಗೆ ಹೇಳಿದಂತೆ ಹೇಳಬೇಕು. ಮೊನ್ನೆ ಅವನು ಫೋನಿನಲ್ಲಿ ಜೊತೆಗಿದ್ದ ಇನ್ನೊಬ್ಬ ಕಾರ್ಯಕರ್ತೆ, ಕೈಗೂಸಿನ ತಾಯಿ ನರೆಲ್‌ಗೆ “ನರೆಲಕ್ಕ, ಒಬ್ಬನ ಕೈಲಾಗಲ್ಲ, ಕೆಲಸ ಬಿಡ್ತೀನಿ” ಎಂದಾಗ ದೊಡ್ಡಮ್ಮನೂ ಅವಳನ್ನೇ ಕರೆದಳು. “ನರೆಲ್, ನಿನಗೇ ಹೇಳೋದು. ಕೂಸನ್ನ ಕಟ್ಕೊಂಡು ಸೋಮವಾರ ಅವನ ಕ್ಲಿನಿಕ್ಕಿಗೆ ಹೋಗಿ ಜೊತೆಗಿರು. ನೀನು ಹೊರಟ ಮೇಲೆ ಇನ್ನೊಬ್ಬಳು ಬರ್ತಾಳೆ” ಎಂದಳು. “ನರೆಲಕ್ಕ,” ಎಂದ ಕ್ಲಿಫ್ಟನ್, “ಅವರಿಗೆ ಹೇಳು, ಕೂಸಿಗೆ ಹಾಸಿಗೆ ಹಾಸಿರ್ತೀನಿ ಅಂತ.”