ಮೊಣಕಾಲು ನೋವಿನವರ ಸಭೆ, ಎರಡನೇ ಮಹಡಿಯಲ್ಲಿ

ಮೊಣಕಾಲು ನೋವಿಗೆ ಹೊಸ ಮಾತ್ರೆಯೊಂದರ ಪ್ರಯೋಗ ನಡೆದಿದೆ. ರೋಗಿಗಳನ್ನು ಇನ್ನು ಮುಂದೆ ಏನೇನು ಕೇಳಬೇಕು ಎಂದು ರೋಗಿಗಳಿಂದಲೇ ತಿಳಿಯಲು ಆಸ್ಪತ್ರೆಯವರು ಸಭೆ ಕರೆದಿದ್ದರು. ಸಭೆ ಎರಡನೇ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು.

(ಇದು ನಾನು ಕಟ್ಟಿದ ಕತೆಯಲ್ಲ. ಕಟ್ಟುವುದಾದರೆ ಸ್ವಲ್ಪ ನಂಬುವಂತೆ ಕಟ್ಟುತ್ತಿದ್ದೆ.)

ನಾನು ಹೋದದ್ದು ಸುಮತಿಯಕ್ಕನ ಜೊತೆ. ಮೆಟ್ರೋ ಕಂಬಗಳು ಏಳುತ್ತಿರುವ, ರಾಜಧಾನಿಯ ಮಯೂರ್ ವಿಹಾರ್ ಬಡಾವಣೆಯಲ್ಲಿ ಅವರದೊಂದು ಸಣ್ಣ ಹೋಟೆಲು. ಗಂಡ ಗಲ್ಲಾದಲ್ಲಿ, ಇವರು ದೋಸೆ ಕಾವಲಿಯ ಮುಂದೆ. ಈ ಮಾತ್ರೆ ಶುರುವಾದ ಮೇಲೆ ಅವರಿಗೆ ತಲೆ ತಿರುಗುತ್ತದೆ. ಹೋದ ವಾರ ಹಾಗೇ ತಿರುಗಿ, ಬಿಸಿ ಕಾವಲಿಯ ಮೇಲೆ ಅಂಗೈ ಊರಿಬಿಟ್ಟಿದ್ದರು.

"ಪ್ರತಿ ಸಲ ಮೊಣಕಾಲು ಹೇಗುಂಟು ಅಂತ ಮಾತ್ರ ಕೇಳ್ತಾರೆ. ತಲೆಯದ್ದು ಬೇರೆ ಡಿಪಾರ್ಟ್‌ಮೆಂಟ್ ಅಂತೆ. ಇವತ್ತು ಹೇಳಿಯೇ ಬರ್ತೇನೆ ಮಾರಾಯ್ರೆ."

ಮೆಟ್ಟಿಲ ಬುಡದಲ್ಲಿ ಗಾರ್ಡ್ ಹೇಳಿದ: "ಲಿಫ್ಟ್ ಬಂದ್ ಹೈ, ಮಾತಾಜಿ." ನಮ್ಮ ಮುಂದಿದ್ದ ಸರ್ದಾರ್‌ಜಿ ಒಮ್ಮೆ ಮೇಲೆ ನೋಡಿದರು. "ಚಲೋ, ನನ್ನ ಅಭಿಪ್ರಾಯ ಇಷ್ಟೇ" ಎಂದು ಹಿಂದಿಯಲ್ಲಿ ಹೇಳಿ ಆಟೋ ಹತ್ತಿದರು.

"ನಾನೇ ಹೋಗಿ ಹೇಳಿ ಬರಲಾ?" ಎಂದೆ.

"ನಿಮಗೆ ತಲೆ ತಿರುಗ್ತದಾ?"

ಅವರು ಮೊದಲ ಮೆಟ್ಟಿಲ ಮೇಲೆ ಕೂತರು. ಬೆನ್ನು ಮೇಲಿನ ಮೆಟ್ಟಿಲ ಕಡೆಗೆ. ಬ್ಯಾಂಡೇಜ್ ಇಲ್ಲದ ಕೈ ಊರಿ ಮೈಯನ್ನು ಎತ್ತಿ, ಮುಂದಿನ ಮೆಟ್ಟಿಲ ಮೇಲೆ ಕೂತರು. ಹಾಗೇ ಕೂತು ಕೂತು ಹತ್ತಿದರು. ಇಳಿಯುವವರು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ನಾನು ಅವರ ಚಪ್ಪಲಿ ಹಿಡಿದುಕೊಂಡು ಹಿಂದೆ ನಡೆದೆ. ಕೈ ಕೊಡಲು ಹೋದರೆ ಬೇಡ ಎಂದರು.

ಸಭಾಂಗಣದಲ್ಲಿ ಕುರ್ಚಿಗಳು ಬಹಳ, ರೋಗಿಗಳು ಕಡಿಮೆ. 'ನಿಮ್ಮ ದನಿ ನಮಗೆ ಮುಖ್ಯ' ಎಂಬ ಬ್ಯಾನರ್. ಯುವ ಡಾಕ್ಟರರೊಬ್ಬರು ಎದ್ದು ಬಂದು ಅಕ್ಕನಿಗೆ ಕೈ ಮುಗಿದರು. ನಿಜಕ್ಕೂ ವಿನಯವಂತರು.

"ಮಾತಾಜಿ, ಎರಡು ಮಹಡಿ ಹತ್ತಿದಿರಾ? ಮೊದಲು ಒಂದೂ ಆಗ್ತಿರಲಿಲ್ಲವಲ್ಲ!" ಪಕ್ಕದಲ್ಲಿದ್ದ ಸಹಾಯಕಿಗೆ, "ಇಂಪ್ರೂವ್‌ಮೆಂಟ್. ಬರ್ಕೊಳ್ಳಿ." ಯಾರೋ ಚಪ್ಪಾಳೆ ತಟ್ಟಿದರು.

"ಅವರು ಹತ್ತಿದ್ದು ಕೂತುಕೊಂಡು," ಎಂದೆ.

"ಹೇಗೆ ಹತ್ತಿದರು ಅನ್ನೋ ಕಾಲಂ ಇಲ್ಲ ಸರ್," ಎಂದರು ಸಹಾಯಕಿ.

ಅಕ್ಕ ಬ್ಯಾಂಡೇಜ್ ಬಿಚ್ಚಿ ಅಂಗೈ ತೋರಿಸಿದರು. ತಲೆ ತಿರುಗುವುದನ್ನು ತಮ್ಮ ಹೋಟೆಲ್ ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದರು. "ಅಚ್ಛಾ, ಅಚ್ಛಾ. ಇವತ್ತು ಮೊಣಕಾಲಿನ ವಿಷಯ ಮಾತ್ರ ಮಾತಾಡೋಣ," ಎಂದರು ಡಾಕ್ಟರು. ಅಷ್ಟರಲ್ಲಿ ಸಮೋಸ ಬಂತು. ಅದರ ಬಗ್ಗೆ ಎಲ್ಲರ ಅಭಿಪ್ರಾಯವನ್ನೂ ಕೇಳಿದರು.

ಇಳಿದದ್ದೂ ಕೂತೇ. ನಡುವೆ ಒಂದೆಡೆ ಅಕ್ಕ ಸುಧಾರಿಸಿಕೊಂಡರು. ಆಮೇಲೆ ಕೇಳಿದರು:

"ಅಲ್ಲ, ನಾನು ಕೆಳಗೇ ಕೂತಿದ್ರೆ ಇವರ ಮದ್ದು ಫೇಲ್ ಆಗ್ತಿತ್ತಾ?"