ಭಾವನ ಬೂಟಿನ ಲೇಸು

ನಮ್ಮ ಭಾವ ಹೆಸರಾಂತ ಫುಟ್‌ಬಾಲ್ ಆಟಗಾರರು. ಮೂವತ್ತು ದಾಟುವವರೆಗೆ ಅವರ ಬೂಟಿನ ಲೇಸು ಒಮ್ಮೆಯೂ ಸಡಿಲವಾದದ್ದಿಲ್ಲ. ಆಮೇಲೆ ಶುರುವಾಯಿತು ನೋಡಿ. ಎದುರಾಳಿ ಹುಡುಗರ ಹಿಂದೆ ಒಂದು ಸಲ ಓಡಿದರೆ ಸಾಕು, ಮೈದಾನದಲ್ಲೇ ಮೊಣಕಾಲೂರಿ ಕೂತುಬಿಡುವರು. ಬಿಗಿಯಾಗಿದ್ದ ಲೇಸನ್ನು ಬಿಚ್ಚಿ, ಮತ್ತೆ ಕಟ್ಟಿ, ಅಷ್ಟರಲ್ಲಿ ಉಸಿರು ಸುಧಾರಿಸಿಕೊಂಡು ಏಳುವರು.

ನಾನು ಅವರ ಹೆಂಡತಿಯ ತಮ್ಮ, ಅವರ ತಂಡದ ಬಸ್ಸಿನ ಡ್ರೈವರ್. ಕೆಲಸ ಕೊಡಿಸಿದವರೂ ಅವರೇ. ಹಾಗೆಂದು ಬಾಯಿ ಮುಚ್ಚಿಕೊಂಡಿರುವ ಜಾಯಮಾನ ನನ್ನದಲ್ಲ.

“ಭಾವ, ಆ ಲೇಸಿಗೊಂದು ಬೀಗ ಹಾಕಿಸೋಣ್ವಾ?” ಎಂದರೆ, “ನೀನು ಬಸ್ಸು ನೆಟ್ಟಗೆ ಓಡ್ಸು, ಸಾಕು,” ಎನ್ನುವರು.

ಅಕ್ಕ ನನಗಿಂತ ಜೋರು. “ಕುಣೀಲಾರದವಳಿಗೆ ನೆಲ ಡೊಂಕು, ಓಡಲಾರದವರಿಗೆ ಲೇಸು ಸಡಿಲ,” ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳುವಳು.

ಪಂದ್ಯದ ಮರುದಿನ ತೊಡೆ ಹಿಡಿದುಕೊಂಡು, ಭಾವ ಮನೆಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದರು. ನಾನು ಕೆಳಗೆ ನಿಂತು, “ಬರ್ಲಿ, ಬರ್ಲಿ, ಇನ್ನೂ ಬರ್ಲಿ,” ಎಂದು ಬಸ್ಸಿಗೆ ಹೇಳುವಂತೆ ಕೂಗುತ್ತಿದ್ದೆ. ಆದರೂ ಒಂದು ಮಾತು ಒಪ್ಪಬೇಕು. ಕಾಲು ಸೋತಷ್ಟೂ ಅವರ ತಲೆ ಚುರುಕಾಯಿತು. ಚೆಂಡು ಬರುವ ಜಾಗಕ್ಕೆ ಮೊದಲೇ ಹೋಗಿ ನಿಂತಿರುವರು. ತಮ್ಮ ಜೊತೆ ಹಿಂದಿನ ಸಾಲಿನಲ್ಲಿ ಗೋಲು ತಡೆಯಲು ನಿಲ್ಲುವ ಹುಡುಗರನ್ನು ಕೂಗಿ ಕೂಗಿಯೇ ಆಡಿಸುವರು.

ಮೂವತ್ತೇಳು ತುಂಬಿದಾಗ ಅವರಿಗೆ ಇನ್ನೊಂದೇ ಒಂದು ವರ್ಷ ಆಡುವ ಆಸೆ. ಅವರಿಗಿಂತ ಚಿಕ್ಕವನಾದ ಕೋಚ್, “ಈ ವರ್ಷದ ಕೊನೇ ಮ್ಯಾಚ್ ನೋಡಿ ಹೇಳ್ತೀನಣ್ಣ,” ಎಂದ. ಆ ಪಂದ್ಯದ ದಿನ ಬಸ್ಸಿನಲ್ಲಿ ನನ್ನ ಹಿಂದೆಯೇ ಕೂತು, ಭಾವ ಲೇಸಿಗೆ ಗಂಟಿನ ಮೇಲೆ ಗಂಟು ಹಾಕಿದರು. ಕನ್ನಡಿಯಲ್ಲಿ ಕಂಡರೂ ನನಗೆ ಕೀಟಲೆ ಮಾಡಲು ಮನಸ್ಸಾಗಲಿಲ್ಲ.

ಮುಕ್ಕಾಲು ಪಂದ್ಯ ಭಾವ ಒಂದು ಚೆಂಡನ್ನೂ ದಾಟಗೊಡಲಿಲ್ಲ. ಆಮೇಲೆ ಉಸಿರು ಕೈಕೊಟ್ಟಿತು. ಹಳೇ ಅಭ್ಯಾಸ, ಮೊಣಕಾಲೂರಿ ಲೇಸಿಗೆ ಕೈ ಹಾಕಿದರು. ಅದೇ ಹೊತ್ತಿಗೆ ಹಿಂದಿನ ಸಾಲಿನ ಹುಡುಗರು, ಭಾವನೇ ಕಲಿಸಿದಂತೆ, ಎದುರಾಳಿಯನ್ನು ತಮ್ಮ ಬೆನ್ನ ಹಿಂದೆ ಬಿಟ್ಟು ಆಫ್‌ಸೈಡಿನಲ್ಲಿ ಸಿಕ್ಕಿಸಲು ಒಟ್ಟಿಗೆ ಮುಂದಕ್ಕೆ ಓಡಿದರು. ಕೂತಿದ್ದ ಭಾವ ಹಿಂದೆಯೇ ಉಳಿದರು. ಅವರೊಬ್ಬರು ಎದುರಾಳಿಗಿಂತ ಗೋಲಿಗೆ ಹತ್ತಿರವಿದ್ದದ್ದಕ್ಕೇ ಅದು ಆಫ್‌ಸೈಡ್ ಆಗಲಿಲ್ಲ. ಎದುರಾಳಿ ಹುಡುಗ ಆರಾಮಾಗಿ ಗೋಲು ಹೊಡೆದ. ನಾವು ಸೋತೆವು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಕೋಚ್ ಮಾತಿಗಾಗಿ ತಡಕಾಡುತ್ತಿದ್ದ. “ಕಷ್ಟಪಡ್ಬೇಡಪ್ಪ, ನಂಗೇ ಗೊತ್ತಾಯ್ತು,” ಎಂದರು ಭಾವ. ಬೂಟು ಬಿಚ್ಚಲು ಬಗ್ಗಿದರೆ ಬೆನ್ನು ಅರ್ಧಕ್ಕೇ ನಿಂತಿತು. ನಾನು ಅವರ ಕಾಲ ಬಳಿ ಕೂತೆ. ಕೆಸರಲ್ಲಿ ನೆನೆದ ಗಂಟು ಉಗುರಿಗೂ ಸಿಗಲಿಲ್ಲ.

“ಬರ್ತಿಲ್ವೇನೋ?”

“ಇಲ್ಲ ಭಾವ, ಗಟ್ಟಿಯಾಗಿ ಕೂತಿದೆ.”

“ನೋಡು ಮತ್ತೆ! ಅಕ್ಕ ತಮ್ಮ ಸೇರ್ಕೊಂಡು ಸಡಿಲ ಸಡಿಲ ಅಂತಿದ್ರಿ.”

ಅವರು ನಕ್ಕರು. ನನಗೆ ಅಳು ತಡೆಯಲಾಗಲಿಲ್ಲ. ಮುಖ ತೋರಿಸದೆ, “ಕತ್ತರಿ ತರ್ಲಾ?” ಎಂದೆ.

“ಬೇಡ, ನಿಧಾನಕ್ಕೆ ಬಿಚ್ಚು,” ಎಂದರು. “ಇನ್ನೇನು ಅವಸರ?”